ಕತ್ತಿಯ ಅಲಗೂ ಒರತೆಯ ನೀರೂ

ಮಳೆಗಾಲ ಹಿಡಿಯುವುದಕ್ಕೆ ಸ್ವಲ್ಪ ಮೊದಲು ನೀವು ಪೆರಾಬೆಯ ಕಡೆಗೆ ಹೋದರೆ, ಯಾವುದಾದರೊಂದು ಅಡಿಕೆ ತೋಟದ ಅಂಚಿನಲ್ಲಿ ಈ ನೋಟ ನಿಮ್ಮ ಕಣ್ಣಿಗೆ ಬಿದ್ದೀತು. ಒಂದು ಡ್ರಮ್ಮಿನಲ್ಲಿ ಮೈಲುತುತ್ತು ಕರಗಿಸಿದ ಕಡುನೀಲಿ ನೀರು. ಇನ್ನೊಂದರಲ್ಲಿ ಸುಣ್ಣದ ತಿಳಿಹಾಲು. ಎರಡನ್ನೂ ಮೂರನೆಯ ಡ್ರಮ್ಮಿಗೆ ಸುರಿದು ಕೋಲಿನಿಂದ ಕಲಕುತ್ತಾರೆ. ಆಕಾಶದ ಬಣ್ಣದ ಮದ್ದು ಸಿದ್ಧವಾಗುತ್ತದೆ. ಮರ ಹತ್ತುವವನು ಮೇಲೇರುವ ಮೊದಲು ಮನೆಯ ಹಿರಿಯರು ಒಂದು ಕತ್ತಿಯ ಅಲಗನ್ನು ಮದ್ದಿನಲ್ಲಿ ಅದ್ದಿ, ಒಂದೆರಡು ನಿಮಿಷ ಬಿಟ್ಟು, ಮೇಲೆತ್ತಿ ಬೆಳಕಿಗೆ ಹಿಡಿಯುತ್ತಾರೆ. ಅಲಗಿನ ಮೇಲೆ ಕೆಂಪು ಛಾಯೆ ಕಂಡರೆ "ಇನ್ನಷ್ಟು ಸುಣ್ಣ ಬೀಳಬೇಕು ಮಗಾ" ಎನ್ನುತ್ತಾರೆ. ಅಲಗು ಅಲಗಿನಂತೆಯೇ ಇದ್ದರೆ ಮದ್ದು ಹದವಾಗಿದೆ ಎಂದರ್ಥ.

ಇದನ್ನು ನೋಡಿದವರಲ್ಲಿ ಬಹುಮಂದಿ ಇದೊಂದು ತೋಟದ ರೂಢಿ ಎಂದುಕೊಂಡು ಮುಂದೆ ಹೋಗುತ್ತಾರೆ. ಆದರೆ ರಸಾಯನಶಾಸ್ತ್ರ ಓದುತ್ತಿರುವ ನೀವು ಹಾಗೆ ಹೋಗಬಾರದು. ನೀರಿನಲ್ಲಿ ಕರಗಿದ ಲೋಹ ಇದೆಯೇ ಇಲ್ಲವೇ ಎಂದು ಕೇಳುವ ಒಂದು ಪರೀಕ್ಷೆ ನಿಮ್ಮ ಕಣ್ಣೆದುರೇ ನಡೆದಿದೆ. ಕಬ್ಬಿಣವು ತಾಮ್ರಕ್ಕಿಂತ ಹೆಚ್ಚು ಚುರುಕಾದ ಲೋಹ. ಅದು ತಾನು ಕರಗಿ, ದ್ರಾವಣದಲ್ಲಿದ್ದ ತಾಮ್ರವನ್ನು ಹೊರಗೆ ತಳ್ಳುತ್ತದೆ. ಆ ತಾಮ್ರ ಅಲಗಿನ ಮೇಲೆ ಕೂರುತ್ತದೆ. ಸುಣ್ಣ ಸಾಕಷ್ಟು ಬಿದ್ದಿದ್ದರೆ ತಾಮ್ರ ಕರಗಿದ ಸ್ಥಿತಿಯಲ್ಲಿ ಉಳಿಯುವುದಿಲ್ಲ. ಆದ್ದರಿಂದ ಅಲಗೂ ಕೆಂಪಾಗುವುದಿಲ್ಲ, ಎಳೆಯ ಅಡಿಕೆಯೂ ಸುಡುವುದಿಲ್ಲ.

ಈಗ ಅದೇ ತೋಟದ ಮೇಲಿನ ಗುಡ್ಡವನ್ನು ನೋಡಿ. ಮುರಕಲ್ಲಿನ ಗುಡ್ಡ. ಮಳೆನೀರು ಅದರ ರಂಧ್ರಗಳಲ್ಲಿ ಇಳಿದು, ಬುಡದಲ್ಲೆಲ್ಲೋ ಒರತೆಯಾಗಿ ಹೊರಬರುತ್ತದೆ. ಪುತ್ತೂರು, ಬಂಟ್ವಾಳ, ಸುಳ್ಯ, ಕಾಸರಗೋಡಿನ ಹಳ್ಳಿಗಳಲ್ಲಿ ಜನ ಗುಡ್ಡದ ಹೊಟ್ಟೆಗೇ ಅಡ್ಡಲಾಗಿ ಆಳೆತ್ತರದ ಸುರಂಗ ಕೊರೆದು ಈ ನೀರನ್ನು ಮನೆಯಂಗಳಕ್ಕೆ ತಂದುಕೊಂಡಿದ್ದಾರೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗಗಳನ್ನು ಕೊರೆದು, ಹಲವು ಸಲ ಸೋತ ಮೇಲೆ ನೀರು ಕಂಡರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಹರಿಯುತ್ತಿದ್ದ ನೀರು ಈಗ ಕಪ್ಪು ಪೈಪಿನಲ್ಲಿ ಹರಿಯುತ್ತದೆ. ನೀರು ಮಾತ್ರ ಅದೇ: ತಣ್ಣಗೆ, ಕನ್ನಡಿಯಷ್ಟು ತಿಳಿ. ಇಂಥ ನೀರನ್ನು ಕ್ಯಾಮೆರಾದಲ್ಲಿ ಹಿಡಿಯುವುದು ನಮ್ಮಂಥವರಿಗೆ ಬಹಳ ಪ್ರಿಯವಾದ ಕೆಲಸ. ಹನಿ ಬೀಳುತ್ತದೆ, ಬೆಳಕು ಒಡೆಯುತ್ತದೆ, ಹಿನ್ನೆಲೆಯಲ್ಲಿ "ಪರಿಶುದ್ಧ" ಎಂಬ ಮಾತು ತಾನಾಗಿಯೇ ಬಂದುಬಿಡುತ್ತದೆ. ಆ ಮಾತಿಗೆ ಕ್ಯಾಮೆರಾ ಸಾಕ್ಷಿ ಹೇಳಲಾರದು. ಕರಗಿದ ಸೀಸಕ್ಕೆ ಬಣ್ಣವಿಲ್ಲ, ಪಾಷಾಣಕ್ಕೆ ವಾಸನೆಯಿಲ್ಲ.

ಹಾಗಾದರೆ ಒರತೆಯ ನೀರಿಗೂ ಆ ಕತ್ತಿಯನ್ನೇ ಅದ್ದಿದರೆ? ಲೆಕ್ಕ ಹಾಕೋಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಎಂಬುದು ತೋಟದ ಅಳತೆ. ಮೈಲುತುತ್ತಿನ ತೂಕದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ತಾಮ್ರ. ಅಂದರೆ ಆ ಅಳತೆಯಲ್ಲಿ ಲೀಟರಿಗೆ 2,500 ಮಿಲಿಗ್ರಾಂಗಿಂತ ಹೆಚ್ಚು ತಾಮ್ರವಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಹೇಳಿರುವ ಸ್ವೀಕಾರಾರ್ಹ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಎರಡರ ನಡುವಿನ ಅಂತರ ಐವತ್ತು ಸಾವಿರ ಪಟ್ಟು. ಕತ್ತಿ ಆ ಕೊನೆಯಲ್ಲಿದೆ, ಕುಡಿಯುವ ನೀರು ಈ ಕೊನೆಯಲ್ಲಿದೆ. ನಡುವಿನ ದಾರಿಯನ್ನು ಮನುಷ್ಯ ಹೇಗೆ ನಡೆದ, ಎಲ್ಲೆಲ್ಲಿ ಎಡವಿದ ಎಂಬುದೇ ಇಲ್ಲಿ ನಿಮಗೆ ಹೇಳಬೇಕೆಂದಿರುವ ಇತಿಹಾಸ. ಎಡವಿದ ಜಾಗಗಳು ನನಗೆ ಹೆಚ್ಚು ಮುಖ್ಯವೆನಿಸುತ್ತವೆ; ಅವುಗಳ ಮೇಲೆಯೇ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಕತ್ತಿಯ ಪರೀಕ್ಷೆ ಹುಟ್ಟಿದ್ದೂ ಬೆಟ್ಟದ ಒರತೆಗಳ ಬಳಿಯಲ್ಲೇ ಎಂದರೆ ನಿಮಗೆ ಆಶ್ಚರ್ಯವಾದೀತು. ಹನ್ನೊಂದನೆಯ ಶತಮಾನದಲ್ಲಿ ಚೀನಾದ ಸೋಂಗ್ ಅರಸರ ಕಾಲದಲ್ಲಿ ಶೆನ್ ಕುವೊ ಎಂಬ ವಿದ್ವಾಂಸನಿದ್ದ. ಬೆಟ್ಟದ ಕಹಿ ನೀರಿನ ಒರತೆಯೊಂದರ ವಿಷಯವನ್ನು ಅವನು ಬರೆದಿಟ್ಟಿದ್ದಾನೆ. ಆ ನೀರನ್ನು ಕಬ್ಬಿಣದ ಬಾಣಲೆಯಲ್ಲಿ ಕಾಯಿಸುತ್ತಾ ಹೋದರೆ ಬಾಣಲೆಯೇ ಕಾಲಕ್ರಮದಲ್ಲಿ ತಾಮ್ರವಾಗುತ್ತದೆ ಎಂದು ಅವನ ಟಿಪ್ಪಣಿ. ಚೀನೀಯರು ಇದನ್ನು ಬೆರಗಿಗೆ ಮಾತ್ರ ಬಿಡಲಿಲ್ಲ. ಇಂಥ ನೀರಿಗೆ ಕಬ್ಬಿಣ ಹಾಕಿ ತಾಮ್ರ ತೆಗೆಯುವ ಉದ್ಯಮವನ್ನೇ ನಡೆಸಿದರು. ಯುರೋಪಿನಲ್ಲೂ ಈಗಿನ ಸ್ಲೊವಾಕಿಯಾದ ಸ್ಮೋಲ್ನಿಕ್ ಗಣಿಯ ನೀರು ಇದೇ ಕಾರಣಕ್ಕೆ ಹೆಸರಾಗಿತ್ತು. ಹದಿನಾರನೆಯ ಶತಮಾನದ ಗಣಿವಿದ್ವಾಂಸ ಅಗ್ರಿಕೋಲ ಅದನ್ನು ಉಲ್ಲೇಖಿಸಿದ್ದಾನೆ. ಕಬ್ಬಿಣ ತಾಮ್ರವಾಗುವುದಾದರೆ ಸೀಸ ಏಕೆ ಚಿನ್ನವಾಗಬಾರದು ಎಂದು ರಸವಾದಿಗಳು ಇಂಥ ಒರತೆಗಳನ್ನೇ ಸಾಕ್ಷಿಯಾಗಿ ತೋರಿಸುತ್ತಿದ್ದರು. ಕಬ್ಬಿಣ ತಾಮ್ರವಾಗುತ್ತಿರಲಿಲ್ಲ, ನೀರಿನಲ್ಲಿ ಮೊದಲೇ ಇದ್ದ ತಾಮ್ರ ಹೊರಬರುತ್ತಿತ್ತು, ಅಷ್ಟೇ. ಕಣ್ಣಿಗೆ ಕಂಡದ್ದು ನಿಜ, ಕೊಟ್ಟ ಅರ್ಥ ತಪ್ಪು.

ಆ ತಾಮ್ರ ಪೆರಾಬೆಯ ತೋಟಗಳಿಗೆ ಬಂದ ದಾರಿ ಬೇರೆ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಹೋಗುವವರು ಬರುವವರು ಕಿತ್ತು ತಿನ್ನದಿರಲಿ ಎಂದು ಬೆಳೆಗಾರರು ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಬಳಿಯುತ್ತಿದ್ದರು. 1882ರಲ್ಲಿ ಮಿಲ್ಲಾರ್ದೆ ಎಂಬ ಸಸ್ಯವಿಜ್ಞಾನಿ ಹಾಗೆ ಬಳಿದ ಬಳ್ಳಿಗಳಿಗೆ ಬೂಷ್ಟುರೋಗ ಬಾರದಿದ್ದುದನ್ನು ಗಮನಿಸಿ, 1885ರಲ್ಲಿ ಮಿಶ್ರಣದ ವಿವರ ಪ್ರಕಟಿಸಿದ. ಇತ್ತ ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಬಂದರು. ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ರೋಗಕ್ಕೆ ಬೋರ್ಡೋ ಮಿಶ್ರಣವನ್ನು ಸೂಚಿಸಿದರು. ಅದುವರೆಗೆ ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವುದೇ ಉಪಾಯವಾಗಿತ್ತು. ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಆದರೆ ರೋಗಕ್ಕೆ ಗಡಿಯಿಲ್ಲ, ಮದ್ದಿಗೂ ಇರಲಿಲ್ಲ. (ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಾಫಿಗೆ ಬರುವ ಕೊಳೆರೋಗದ ಶಿಲೀಂಧ್ರಕ್ಕೆ ವಿಜ್ಞಾನಿಗಳು 1876ರಲ್ಲಿ ಕೊಟ್ಟ ಲ್ಯಾಟಿನ್ ಹೆಸರಿನಲ್ಲಿ "ಕೊಳೆರೋಗ" ಎಂಬ ಕನ್ನಡ ಪದವೇ ಕೂತಿದೆ. ಲ್ಯಾಟಿನ್ ಹೆಸರುಗಳನ್ನು ಬಾಯಿಪಾಠ ಮಾಡಿ ಸುಸ್ತಾದವರಿಗೆ ಇದು ಸ್ವಲ್ಪ ಸಮಾಧಾನ ತರಬಹುದು.)

ಈ ಮದ್ದು ಅಡಿಕೆಯನ್ನು ಉಳಿಸಿತು. ಅದರಲ್ಲಿ ಸಂದೇಹವಿಲ್ಲ. ಅದಿಲ್ಲದಿದ್ದರೆ ಈ ಭಾಗದ ಎಷ್ಟೋ ಮಕ್ಕಳ ಕಾಲೇಜು ಶುಲ್ಕ ಕೊಳೆತು ನೆಲಕ್ಕೆ ಬೀಳುತ್ತಿತ್ತು. ಆದರೆ ತಾಮ್ರ ಎಲ್ಲಿಗೆ ಹೋಯಿತು? ಒಂದು ಎಕರೆಯಲ್ಲಿ 500 ಮರ, ಮರಕ್ಕೆ ಒಂದು ಲೀಟರ್ ಮದ್ದು, ವರ್ಷಕ್ಕೆ ಎರಡು ಸಲ ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಳ್ಳಿ. ವರ್ಷಕ್ಕೆ ಹತ್ತು ಕಿಲೋ ಮೈಲುತುತ್ತು, ಅಂದರೆ ಎರಡೂವರೆ ಕಿಲೋ ತಾಮ್ರ. ಐವತ್ತು ವರ್ಷಕ್ಕೆ 125 ಕಿಲೋ. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಅಷ್ಟೂ ಅಲ್ಲೇ ಮೇಲಿನ ಅರ್ಧ ಅಡಿ ಮಣ್ಣಿನಲ್ಲಿ ಉಳಿಯಿತೆಂದರೆ, ಆ ಮಣ್ಣಿನ ತೂಕ ಸುಮಾರು 800 ಟನ್, ಕಿಲೋ ಮಣ್ಣಿಗೆ ನೂರೈವತ್ತು ಮಿಲಿಗ್ರಾಂಗೂ ಮೇಲೆ. ಇದು ಕಾಗದದ ಮೇಲಿನ ಲೆಕ್ಕ. ಯಾವ ತೋಟದ ವರದಿಯೂ ಅಲ್ಲ. ನಿಮ್ಮ ತೋಟದ ಅಂಕಿಗಳನ್ನು ಹಾಕಿ ನೀವೇ ಮಾಡಿ ನೋಡಬಹುದು. ಬೋರ್ಡೋದ ಹಳೆಯ ದ್ರಾಕ್ಷಿತೋಟಗಳ ಮೇಲ್ಮಣ್ಣಿನಲ್ಲಿ ತಾಮ್ರ ಹೀಗೆ ಕೂಡಿಬಂದಿರುವುದು ಮಾತ್ರ ಅಳತೆಯಿಂದ ತಿಳಿದ ಸಂಗತಿ.

ಮಣ್ಣಿನಲ್ಲಿ ಇದ್ದದ್ದೆಲ್ಲ ನೀರಿಗೆ ಇಳಿಯುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಎಲೆಗೊಬ್ಬರದ ಸಾವಯವ ಅಂಶ, ಮುರಕಲ್ಲಿನ ಕಬ್ಬಿಣದ ಆಕ್ಸೈಡು ಇವೆರಡೂ ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಮಣ್ಣು ಹುಳಿಯಾದಷ್ಟೂ ಆ ಹಿಡಿತ ಸಡಿಲವಾಗುತ್ತದೆ, ಮತ್ತು ನಮ್ಮ ಕರಾವಳಿಯ ಮುರಕಲ್ಲು ಮಣ್ಣು ಹುಳಿ ಮಣ್ಣು. ಹೀಗೆ ಎರಡು ಶಕ್ತಿಗಳು ಎದುರುಬದುರು ನಿಂತಿರುವಾಗ ಗೆದ್ದದ್ದು ಯಾವುದು ಎಂದು ಊಹೆಯಿಂದ ಹೇಳಲಾಗದು. ಅಳೆಯಬೇಕು.

ಅಳತೆಯ ಇತಿಹಾಸದಲ್ಲಿ ಮೊದಲ ದೊಡ್ಡ ತಿರುವು ಒಂದು ನ್ಯಾಯಾಲಯದಲ್ಲಿ ಬಂತು. 1830ರ ದಶಕದ ಆರಂಭ, ಇಂಗ್ಲೆಂಡ್. ಅಜ್ಜನಿಗೆ ಕಾಫಿಯಲ್ಲಿ ಪಾಷಾಣ ಹಾಕಿದ ಆರೋಪ ಮೊಮ್ಮಗನ ಮೇಲೆ. ರಸಾಯನಜ್ಞ ಜೇಮ್ಸ್ ಮಾರ್ಷ್ ಪಾಷಾಣವನ್ನು ಹಳದಿ ಗಸಿಯಾಗಿ ಕಂಡ. ಆದರೆ ನ್ಯಾಯಾಲಯಕ್ಕೆ ಒಯ್ಯುವ ಹೊತ್ತಿಗೆ ಅದು ಕೆಟ್ಟುಹೋಗಿತ್ತು. ಆರೋಪಿ ಬಿಡುಗಡೆಯಾದ. ಮಾರ್ಷ್ ಹಟತೊಟ್ಟು ಹೊಸ ವಿಧಾನ ಕಂಡುಹಿಡಿದು 1836ರಲ್ಲಿ ಪ್ರಕಟಿಸಿದ. ಅನುಮಾನದ ವಸ್ತುವಿಗೆ ಸತು ಮತ್ತು ಆಮ್ಲ ಸೇರಿಸಿದರೆ ಪಾಷಾಣ ಅನಿಲವಾಗಿ ಹೊರಡುತ್ತದೆ. ಆ ಅನಿಲವನ್ನು ಕಾಯಿಸಿದರೆ ತಣ್ಣನೆಯ ಗಾಜಿನ ಮೇಲೆ ಕಪ್ಪು ಕನ್ನಡಿಯಂತೆ ಕೂರುತ್ತದೆ. ಮಿಲಿಗ್ರಾಂನ ಐವತ್ತನೇ ಒಂದು ಭಾಗದಷ್ಟಿದ್ದರೂ ಗುರುತು ಸಿಗುತ್ತಿತ್ತು.

ಇಷ್ಟು ಸೂಕ್ಷ್ಮವಾದ ಕೂಡಲೇ ಒಂದು ಹೊಸ ತೊಂದರೆ ಎದುರಾಯಿತು. ಸತುವಿನಲ್ಲೇ ಪಾಷಾಣದ ಲೇಶ ಇದ್ದರೆ? ಗಂಧಕಾಮ್ಲದಲ್ಲೇ ಇದ್ದರೆ? 1840ರಲ್ಲಿ ಫ್ರಾನ್ಸಿನಲ್ಲಿ ಮಾರಿ ಲಫಾರ್ಜ್ ಎಂಬಾಕೆಯ ಮೇಲೆ ಗಂಡನನ್ನು ಕೊಂದ ಮೊಕದ್ದಮೆ ನಡೆಯಿತು. ಸ್ಥಳೀಯ ರಸಾಯನಜ್ಞರು ಒಮ್ಮೆ ಇದೆ, ಒಮ್ಮೆ ಇಲ್ಲ ಎಂದರು. ಪ್ಯಾರಿಸಿನಿಂದ ಬಂದ ಆರ್ಫಿಲಾ ಪಾಷಾಣ ಇದೆ ಎಂದ. ಆದರೆ ಅದು ತನ್ನ ರಾಸಾಯನಿಕಗಳಿಂದ ಬಂದದ್ದಲ್ಲ, ಸಮಾಧಿಯ ಮಣ್ಣಿನಿಂದ ಬಂದದ್ದೂ ಅಲ್ಲ ಎಂಬುದನ್ನೂ ಅವನು ತೋರಿಸಬೇಕಾಯಿತು. ಇಂದು ಪ್ರತಿ ಪ್ರಯೋಗಾಲಯದಲ್ಲಿ ಮಾಡುವ "ಬ್ಲ್ಯಾಂಕ್" ಎಂಬ ಖಾಲಿ ಪರೀಕ್ಷೆಯ ಹಿಂದೆ ಇರುವುದು ಇದೇ ಪ್ರಶ್ನೆ. ಪರೀಕ್ಷಿಸಬೇಕಾದ ವಸ್ತುವನ್ನು ಬಿಟ್ಟು ಉಳಿದೆಲ್ಲವನ್ನೂ ಹಾಗೆಯೇ ಮಾಡಿ, ಬಂದ ಉತ್ತರವನ್ನು ನೋಡುವುದು. ನಾನು ಬಿ.ಎಸ್ಸಿ. ಓದುತ್ತಿದ್ದಾಗ ಬ್ಲ್ಯಾಂಕ್ ಎಂದರೆ ಮೇಷ್ಟ್ರು ಸಹಿ ಹಾಕಲಿ ಎಂದು ಕೊನೆಗೆ ತುಂಬಿಸುವ ಒಂದು ಸಾಲು ಮಾತ್ರವಾಗಿತ್ತು. ಅದೇ ಇಡೀ ವಿದ್ಯೆಯ ಬೆನ್ನೆಲುಬು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಎರಡನೆಯ ತಿರುವಿನಲ್ಲಿ ಮತ್ತೆ ಒರತೆಯ ನೀರೇ ಬರುತ್ತದೆ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಬುನ್ಸೆನ್ ಮತ್ತು ಕಿರ್ಖಾಫ್ ಜ್ವಾಲೆಯ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಪ್ರತಿಯೊಂದು ಧಾತುವೂ ತನ್ನದೇ ಬಣ್ಣದ ಗೆರೆಗಳನ್ನು ಬಿಡುತ್ತದೆ ಎಂದು ತೋರಿಸಿದರು. 1860ರಲ್ಲಿ ಡ್ಯೂರ್ಕ್‌ಹೈಮ್ ಎಂಬ ಊರಿನ ಖನಿಜ ಒರತೆಯ ನೀರಿನಲ್ಲಿ ಯಾರೂ ಕಂಡಿರದ ಎರಡು ನೀಲಿ ಗೆರೆಗಳು ಕಂಡವು. ಹೊಸ ಲೋಹವೊಂದು ಅಲ್ಲಿತ್ತು. ಅದಕ್ಕೆ ಸೀಸಿಯಂ ಎಂದು ಹೆಸರಿಟ್ಟರು. ಅದನ್ನು ಕೈಗೆ ಸಿಗುವಂತೆ ಮಾಡಲು ಬುನ್ಸೆನ್ 40 ಟನ್ನಿಗೂ ಹೆಚ್ಚು ನೀರನ್ನು ಬತ್ತಿಸಬೇಕಾಯಿತು. ಕೊನೆಗೆ ದೊರೆತ ಸೀಸಿಯಂ ಲವಣ ಕೆಲವೇ ಗ್ರಾಂ. ಹಲವು ಟ್ಯಾಂಕರ್ ತುಂಬ ನೀರನ್ನು ಕಾಯಿಸಿ ಒಂದು ಚಮಚ ಉಪ್ಪು! ಆದರೆ ಕಣ್ಣು ಆ ಗೆರೆಯನ್ನು ಕೆಲವು ಹನಿಗಳಲ್ಲೇ ಕಂಡಿತ್ತು. ಬೆಳಕಿಗೆ ತಕ್ಕಡಿಗಿಂತ ಎಷ್ಟು ಹೆಚ್ಚಿನ ಸೂಕ್ಷ್ಮತೆ ಇದೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಮುಂದಿನ ತೊಂಬತ್ತು ವರ್ಷಗಳನ್ನು ಬೇಗ ದಾಟೋಣ. ಲೋಹಗಳಿಗೆ ಬಣ್ಣ ಬರಿಸುವ ಕಾರಕಗಳು ಬಂದವು. ಪಾದರಸದ ಹನಿಗಳಿಂದ ಅಳೆಯುವ ಹೇರೋವ್ಸ್ಕಿಯ ಪೋಲರೋಗ್ರಫಿ 1922ರಲ್ಲಿ ಬಂತು. ಒಂದು ಭಾನುವಾರ ಬೆಳಿಗ್ಗೆ, 1952ರಲ್ಲಿ, ಮೆಲ್ಬರ್ನಿನ ಅಲನ್ ವಾಲ್ಶ್ ತನ್ನ ಮನೆಯ ತೋಟದಲ್ಲಿ ಕೆಲಸ ಮಾಡುತ್ತಿದ್ದಾಗ ಒಂದು ಯೋಚನೆ ಹೊಳೆಯಿತು. ಎಲ್ಲರೂ ಪರಮಾಣು ಹೊರಬಿಡುವ ಬೆಳಕನ್ನು ಅಳೆಯುತ್ತಿದ್ದಾರೆ. ಅದು ಹೀರಿಕೊಳ್ಳುವ ಬೆಳಕನ್ನು ಏಕೆ ಅಳೆಯಬಾರದು? ತಾಮ್ರ ಬೇಕೆಂದರೆ ತಾಮ್ರದಿಂದಲೇ ಮಾಡಿದ ದೀಪ ಹಚ್ಚುತ್ತಾರೆ. ಅದರ ಬೆಳಕಿನಲ್ಲಿ ತಾಮ್ರಕ್ಕೆ ಮಾತ್ರ ಗುರುತಾಗುವ ತರಂಗವಿದೆ. ಆ ಬೆಳಕನ್ನು ಜ್ವಾಲೆಯ ಮೂಲಕ ಹಾಯಿಸಿ, ಜ್ವಾಲೆಗೆ ನೀರನ್ನು ಮಂಜಿನಂತೆ ಸಿಂಪಡಿಸುತ್ತಾರೆ. ನೀರಿನಲ್ಲಿ ತಾಮ್ರವಿದ್ದರೆ ಬೆಳಕು ಅಷ್ಟರಮಟ್ಟಿಗೆ ಕುಂದುತ್ತದೆ. 1955ರಲ್ಲಿ ವಾಲ್ಶ್ ಇದನ್ನು ಪ್ರಕಟಿಸಿದ. ಪರಮಾಣು ಹೀರಿಕೆಯ ರೋಹಿತಮಾಪನ ಎಂದು ಇದಕ್ಕೆ ಹೆಸರು. ಕೆಲವೇ ವರ್ಷಗಳಲ್ಲಿ ರಷ್ಯದ ಲ್ವೋವ್ ಜ್ವಾಲೆಯ ಬದಲು ಕಾದ ಗ್ರಾಫೈಟ್ ಬಳಸಿ ಇನ್ನೂ ಕೆಳಕ್ಕಿಳಿದ. 1980ರ ದಶಕದಲ್ಲಿ ಸೂರ್ಯನ ಮೇಲ್ಮೈಗಿಂತ ಬಿಸಿಯಾದ ಆರ್ಗಾನ್ ಪ್ಲಾಸ್ಮಾದಲ್ಲಿ ಪರಮಾಣುಗಳನ್ನು ಅಯಾನುಗಳಾಗಿ ಮಾಡಿ, ಅವುಗಳ ದ್ರವ್ಯರಾಶಿಗನುಗುಣವಾಗಿ ಎಣಿಸುವ ಯಂತ್ರಗಳು ಬಂದವು.

ಈಗ ನಾವು ಲೀಟರಿಗೆ ಒಂದು ಮೈಕ್ರೋಗ್ರಾಂ ಎಂಬ ಮಾತಿಗೆ ಬಂದೆವು. ಇದರ ಅಳತೆ ಮನಸ್ಸಿಗೆ ನಾಟಬೇಕಾದರೆ, ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಹತ್ತು ಮೀಟರ್ ಆಳದ ಒಂದು ಕೆರೆಯನ್ನು ಊಹಿಸಿಕೊಳ್ಳಿ. ಅದರ ತುಂಬ ನೀರು. ಅದಕ್ಕೆ ಒಂದು ಗ್ರಾಂ, ಸುಮಾರು ಐವತ್ತು ಅಕ್ಕಿಕಾಳಿನ ತೂಕದ ಲೋಹ ಕರಗಿಸಿದರೆ ಲೀಟರಿಗೆ ಒಂದು ಮೈಕ್ರೋಗ್ರಾಂ. ಸೀಸದ ಮಿತಿ ಅಂಥ ಹತ್ತು ಮೈಕ್ರೋಗ್ರಾಂ, ಕ್ಯಾಡ್ಮಿಯಂ ಮೂರು, ಪಾದರಸ ಒಂದು.

ಇಷ್ಟು ಕೆಳಗೆ ಇಳಿದಾಗ ಮಾರ್ಷ್ ಕಾಲದ ಪ್ರಶ್ನೆ ನೂರು ಪಟ್ಟು ದೊಡ್ಡದಾಗಿ ಎದುರು ನಿಂತಿತು. ಅದನ್ನು ಎದುರಿಸಿದವನು ಅಮೆರಿಕದ ಕ್ಲೇರ್ ಪ್ಯಾಟರ್ಸನ್. 1940ರ ದಶಕದ ಕೊನೆಯಲ್ಲಿ ಅವನು ಹಳೆಯ ಕಲ್ಲುಗಳಲ್ಲಿನ ಸೀಸವನ್ನು ಅಳೆದು ಭೂಮಿಯ ವಯಸ್ಸು ಲೆಕ್ಕ ಹಾಕಲು ಹೊರಟಿದ್ದ. ಪ್ರತಿಸಲವೂ ಇರಬೇಕಾದುದಕ್ಕಿಂತ ಬಹಳ ಹೆಚ್ಚು ಸೀಸ ಬರುತ್ತಿತ್ತು. ಹುಡುಕುತ್ತಾ ಹೋದರೆ ಸೀಸ ಬರುತ್ತಿದ್ದುದು ಕಲ್ಲಿನಿಂದಲ್ಲ. ಗಾಜಿನ ಪಾತ್ರೆಯಿಂದ, ನಲ್ಲಿಯ ನೀರಿನಿಂದ, ಗೋಡೆಯ ಬಣ್ಣದಿಂದ, ಗಾಳಿಯ ಧೂಳಿನಿಂದ, ತನ್ನ ಕೂದಲಿನಿಂದ. ಅವನು ವರ್ಷಗಟ್ಟಲೆ ಪ್ರಯೋಗಾಲಯವನ್ನೇ ತೊಳೆದ. ಗಾಳಿಯನ್ನು ಶೋಧಿಸಿದ, ಪಾತ್ರೆಗಳನ್ನು ಆಮ್ಲದಲ್ಲಿ ನೆನೆಹಾಕಿದ, ಆಮ್ಲವನ್ನೂ ತಾನೇ ಬಟ್ಟಿಯಿಳಿಸಿದ. ಅದಾದ ಮೇಲೆಯೇ 1956ರಲ್ಲಿ ಭೂಮಿಯ ವಯಸ್ಸು 455 ಕೋಟಿ ವರ್ಷ ಎಂಬ ಅಂಕಿ ಪ್ರಕಟವಾಯಿತು.

ತನಗೆ ಕಾಟ ಕೊಟ್ಟ ಸೀಸ ಎಲ್ಲಿಂದ ಬಂತು ಎಂಬುದನ್ನೂ ಅವನು ಬಿಡಲಿಲ್ಲ. ಗ್ರೀನ್‌ಲ್ಯಾಂಡಿನ ಹಿಮದ ಪದರಗಳನ್ನು ಕೊರೆದು ಅಳೆದ. ಹಳೆಯ ಹಿಮಕ್ಕಿಂತ ಹೊಸ ಹಿಮದಲ್ಲಿ ಸೀಸ ನೂರಾರು ಪಟ್ಟು ಹೆಚ್ಚಿತ್ತು. ಆ ಫಲಿತಾಂಶ 1969ರಲ್ಲಿ ಪ್ರಕಟವಾಯಿತು. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಬೆಟ್ಟಗಳಲ್ಲಿ ಥಾಂಪ್ಸನ್ ಕಣಿವೆ ಎಂಬ ಜಾಗವಿದೆ. ರಸ್ತೆಯಿಲ್ಲ, ಮನೆಯಿಲ್ಲ, ಹಿಮ ಕರಗಿ ಹರಿಯುವ ತೊರೆಯಿದೆ. ಅಲ್ಲಿನ ಹುಲ್ಲಿನಲ್ಲಿ, ಹುಲ್ಲು ತಿನ್ನುವ ಇಲಿಗಳಲ್ಲಿ ಇದ್ದ ಸೀಸದ ಬಹುಪಾಲು ಬೆಟ್ಟದ್ದಲ್ಲ, ದೂರದ ಪೆಟ್ರೋಲು ಹೊಗೆ ಮತ್ತು ಲೋಹದ ಕುಲುಮೆಗಳದ್ದು ಎಂದು 1974ರಲ್ಲಿ ಹಿರಾವೊ ಮತ್ತು ಪ್ಯಾಟರ್ಸನ್ ತೋರಿಸಿದರು. ಅವನ ಮಾತಿನ ವಿರುದ್ಧ ಸೀಸದ ಉದ್ಯಮ ದೊಡ್ಡ ಹೋರಾಟವನ್ನೇ ಮಾಡಿತು. ಕೊನೆಗೆ ಪೆಟ್ರೋಲಿನಿಂದ ಸೀಸವನ್ನು ತೆಗೆಯಬೇಕಾಯಿತು. ಭಾರತದಲ್ಲಿ ಅದು ದೇಶಾದ್ಯಂತ ಜಾರಿಯಾದದ್ದು 2000ದ ಫೆಬ್ರವರಿಯಲ್ಲಿ.

ಇದರಿಂದ ಪೆರಾಬೆಯ ಒರತೆಗೆ ಬರುವ ಪಾಠ ಸರಳ. ನೀವು ತಂದ ಬಾಟಲಿಯ ನೀರಿನಲ್ಲಿ ಲೋಹ ಸಿಕ್ಕಿತು ಎಂದಾಕ್ಷಣ ಅದು ಗುಡ್ಡದ ಲೋಹ ಎಂದಾಗುವುದಿಲ್ಲ. ಹಿತ್ತಾಳೆಯ ನಲ್ಲಿಯಲ್ಲಿ ತಾಮ್ರ, ಸತುವಿನ ಜೊತೆಗೆ ಸಾಮಾನ್ಯವಾಗಿ ಸ್ವಲ್ಪ ಸೀಸವೂ ಇರುತ್ತದೆ. ಕಬ್ಬಿಣದ ಪೈಪಿನ ಒಳಮೈಗೆ ಸತು ಬಳಿದಿರುತ್ತದೆ. ಹುಳಿ ನೀರು ರಾತ್ರಿಯಿಡೀ ಪೈಪಿನಲ್ಲಿ ನಿಂತರೆ ಇವನ್ನೆಲ್ಲ ಸ್ವಲ್ಪ ಸ್ವಲ್ಪ ಕರಗಿಸಿಕೊಳ್ಳುತ್ತದೆ. ಮದ್ದು ಕಲಕಿದ ಕೈ, ಮದ್ದಿನ ಡ್ರಮ್ಮಿನ ಪಕ್ಕ ಇಟ್ಟಿದ್ದ ಬಾಟಲಿ, ತಾಮ್ರದ ಕೊಡ, ಯಾವುದೂ ನಿರಪರಾಧಿಯಲ್ಲ.

ಇದಕ್ಕೆ ಪೂರ್ತಿ ವಿರುದ್ಧವಾದ ತಪ್ಪೂ ಒಂದಿದೆ. ಅದು ಹೆಚ್ಚು ಕ್ರೂರವಾದದ್ದು. ಬಾಂಗ್ಲಾದೇಶದಲ್ಲಿ ಕೆರೆ ಹೊಳೆಗಳ ನೀರಿನಿಂದ ಮಕ್ಕಳಿಗೆ ವಾಂತಿಭೇದಿಯಾಗುತ್ತದೆಂದು 1970ರ ದಶಕದಿಂದ ಲಕ್ಷಗಟ್ಟಲೆ ಕೊಳವೆಬಾವಿಗಳನ್ನು ಹಾಕಿದರು. ನೀರು ತಿಳಿಯಾಗಿತ್ತು. 1992ರಲ್ಲಿ ಬ್ರಿಟಿಷ್ ಭೂವೈಜ್ಞಾನಿಕ ಸಂಸ್ಥೆಯವರು ಅಲ್ಲಿನ ಬಾವಿಗಳ ನೀರನ್ನು ಪರೀಕ್ಷಿಸಿದರು. ಅನೇಕ ಧಾತುಗಳನ್ನು ಅಳೆದರು. ಪಾಷಾಣವನ್ನು ಅಳೆಯಲಿಲ್ಲ. ಪಕ್ಕದ ಪಶ್ಚಿಮ ಬಂಗಾಳದಲ್ಲಿ ಡಾಕ್ಟರ್ ಕೆ.ಸಿ. ಸಾಹಾ ಅವರು 1983ರಷ್ಟು ಹಿಂದೆಯೇ ಬಾವಿನೀರಿನ ಪಾಷಾಣದಿಂದ ಚರ್ಮರೋಗ ಬಂದವರನ್ನು ಗುರುತಿಸಿದ್ದರು. ಬಾಂಗ್ಲಾದೇಶದ ಬಾವಿಗಳಲ್ಲಿ ಪಾಷಾಣ ಇರುವುದು 1993ರಲ್ಲಿ ಬಯಲಾಯಿತು; ಅದು ಕೋಟಿಗಟ್ಟಲೆ ಜನರ ಕುಡಿಯುವ ನೀರು ಎಂದು ಮುಂದೆ ತಿಳಿಯಿತು. ಬ್ರಿಟಿಷ್ ಸಂಸ್ಥೆಯ ಮೇಲೆ ಲಂಡನ್ನಿನಲ್ಲಿ ದಾವೆ ಹೂಡಲಾಯಿತು. ಅಳೆಯದೆ ಬಿಟ್ಟದ್ದಕ್ಕೆ ಅಲ್ಲಿನ ಜನರಿಗೆ ಕಾನೂನಿನ ಪ್ರಕಾರ ಹೊಣೆಯಿಲ್ಲ ಎಂದು 2006ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ತೀರ್ಪು ಕೊಟ್ಟಿತು. ಕಾನೂನಿನ ಮಾತು ನ್ಯಾಯಾಧೀಶರಿಗೆ ಬಿಟ್ಟದ್ದು. ವಿಜ್ಞಾನದ ವಿದ್ಯಾರ್ಥಿ ನೆನಪಿಡಬೇಕಾದದ್ದು ಬೇರೆ: ತಾಮ್ರದ ದೀಪ ಹಚ್ಚಿದ ಯಂತ್ರ ತಾಮ್ರವನ್ನು ಮಾತ್ರ ಹೇಳುತ್ತದೆ. ವರದಿಯ ಪಟ್ಟಿಯಲ್ಲಿ ಇಲ್ಲದ ಲೋಹ ನೀರಿನಲ್ಲಿ ಇಲ್ಲ ಎಂದು ಓದಿಕೊಳ್ಳುವುದು ಓದುವವನ ತಪ್ಪು.

ಇದು ದೂರದ ಊರಿನ ಕಥೆ ಎನ್ನುವಂತಿಲ್ಲ. ನಮ್ಮದೇ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾ ಹಿಂದೆ ಚಿನ್ನ ತೆಗೆದ ಶಿಲಾಪಟ್ಟಿಯಲ್ಲಿದೆ. ಆ ಪಟ್ಟಿಗೆ ಭೂವಿಜ್ಞಾನಿಗಳು ಮಂಗಳೂರು ಪಟ್ಟಿ ಎನ್ನುತ್ತಾರೆ; ಅದು ಅಲ್ಲಿಯ ಮಂಗಳೂರು, ನಮ್ಮ ಕಡಲ ತಡಿಯದ್ದಲ್ಲ. ಚಿನ್ನವಿರುವ ಕಲ್ಲಿನ ಜೊತೆ ಪಾಷಾಣದ ಖನಿಜ ಇರುವುದು ಸಾಮಾನ್ಯ. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಅಲ್ಲಿನ ಅಂತರ್ಜಲದಲ್ಲಿ ಮಿತಿಗಿಂತ ಬಹಳ ಹೆಚ್ಚು ಪಾಷಾಣ ಇರುವುದನ್ನೂ, ಆ ನೀರು ಕುಡಿದವರ ಚರ್ಮದ ಮೇಲೆ ಅದರ ಗುರುತುಗಳಿರುವುದನ್ನೂ 2013ರಲ್ಲಿ ಪ್ರಕಟಿಸಿದರು. ಕಲ್ಲು ಬೇರೆ, ಊರು ಬೇರೆ. ಆ ಅಂಕಿಯನ್ನು ಪೆರಾಬೆಗೆ ಹೊಂದಿಸುವಂತಿಲ್ಲ. ಆದರೆ ಅಲ್ಲಿಯ ನೀರೂ ಕಣ್ಣಿಗೆ ತಿಳಿಯಾಗಿಯೇ ಇತ್ತು.

ಮಿತಿಗಳೂ ಕಲ್ಲಿನಲ್ಲಿ ಕೆತ್ತಿದವಲ್ಲ. ಪಾಷಾಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ 1958ರಲ್ಲಿ ಹೇಳಿದ್ದು ಲೀಟರಿಗೆ 200 ಮೈಕ್ರೋಗ್ರಾಂ, 1963ರಲ್ಲಿ 50, 1993ರಲ್ಲಿ 10. ನಮ್ಮ ದೇಶದ ಮಾನಕದಲ್ಲಿ ಸೀಸ 1991ರಲ್ಲಿ 50 ಇದ್ದದ್ದು 2012ರಲ್ಲಿ 10 ಆಯಿತು. ನೀರು ಅದೇ, ಅದರ ಅರ್ಥ ಬದಲಾಯಿತು. ತಾಮ್ರದ ವಿಷಯದಲ್ಲಿ ಹೆದರಿಕೆ ಅಷ್ಟು ಬೇಡ. ದೇಹಕ್ಕೆ ತಾಮ್ರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 2 ಮಿಲಿಗ್ರಾಂನಷ್ಟಿದೆ. ತೋಡಿನ ಮೀನು ಮರಿಗಳು ಮಾತ್ರ ನಮ್ಮಷ್ಟು ಗಟ್ಟಿಯಲ್ಲ, ಅವಕ್ಕೆ ಇದರ ಅತಿ ಸಣ್ಣ ಪಾಲೂ ಸಾಕು. ತೋಟಕ್ಕೆ ಹಾಕುವ ರಾಕ್ ಫಾಸ್ಫೇಟಿನಲ್ಲಿ ಕ್ಯಾಡ್ಮಿಯಂನ ಲೇಶ ಇರುತ್ತದೆ. ಆದ್ದರಿಂದ ಒರತೆಯ ನೀರನ್ನು ಕೇಳುವುದಾದರೆ ತಾಮ್ರವೊಂದನ್ನೇ ಕೇಳಿ ನಿಲ್ಲಬಾರದು.

ನಿಮ್ಮ ಕಾಲೇಜಿನಿಂದ ಇಂಥದ್ದೊಂದು ಕೆಲಸಕ್ಕೆ ಹೊರಟರೆ ಮೊದಲ ತಯಾರಿ ಒರತೆಯ ಬಳಿ ಅಲ್ಲ, ಕಾಲೇಜಿನ ತೊಳೆಯುವ ಬೋಗುಣಿಯ ಬಳಿ. ಹೊಸ ಪ್ಲಾಸ್ಟಿಕ್ ಬಾಟಲಿಗಳನ್ನು ಮೇಷ್ಟ್ರ ಎದುರಿನಲ್ಲೇ ದುರ್ಬಲ ನೈಟ್ರಿಕ್ ಆಮ್ಲದಲ್ಲಿ ನೆನೆಹಾಕಿ, ಶುದ್ಧೀಕರಿಸಿದ ನೀರಿನಲ್ಲಿ ಹಲವು ಸಲ ತೊಳೆಯಬೇಕು. ನೀರನ್ನು ನಲ್ಲಿಯಲ್ಲಿ ಹಿಡಿಯದೆ, ಕಲ್ಲಿನಿಂದ ಜಿನುಗುವ ಜಾಗದಲ್ಲೇ ಹಿಡಿಯಬೇಕು. ಹಿಡಿದ ಮೇಲೆ ಅದಕ್ಕೆ ಅತಿ ಶುದ್ಧವಾದ ನೈಟ್ರಿಕ್ ಆಮ್ಲದ ಕೆಲವು ಹನಿ ಅಲ್ಲಿಯೇ ಬೀಳಬೇಕು. ಇದು ಕೇವಲ ಶಾಸ್ತ್ರವಲ್ಲ. ಮುರಕಲ್ಲಿನ ನೀರನ್ನು ಒಂದು ರಾತ್ರಿ ಇಟ್ಟರೆ ತಳದಲ್ಲಿ ತುಕ್ಕಿನ ಬಣ್ಣದ ಗಸಿ ಕೂರುವುದನ್ನು ನೀವು ಕಂಡಿರಬಹುದು. ಹಾಗೆ ಕೂರುವ ಕಬ್ಬಿಣ ತನ್ನ ಜೊತೆ ಪಾಷಾಣವನ್ನೂ ಸೀಸವನ್ನೂ ಎಳೆದುಕೊಂಡು ಹೋಗುತ್ತದೆ. ಮೇಲಿನ ತಿಳಿನೀರನ್ನು ಅಳೆದವನಿಗೆ ಏನೂ ಸಿಗುವುದಿಲ್ಲ. ಹಿಡಿದ ದಿನ ಯಾವುದು, ಮೊದಲ ಮಳೆ ಬಿದ್ದಿತ್ತೇ, ತೋಟಕ್ಕೆ ಮದ್ದು ಬಿಟ್ಟು ಎಷ್ಟು ದಿನವಾಗಿತ್ತು ಎಂಬುದನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಬೇಸಿಗೆಯ ಏಪ್ರಿಲಿನಲ್ಲಿ ಒಂದು ಸಲ, ಜೂನಿನ ಮಳೆಯಲ್ಲಿ ಒಂದು ಸಲ, ಮಳೆ ನಿಂತ ಮೇಲೆ ಒಂದು ಸಲ ಹಿಡಿದರೆ ಒಂದು ವರ್ಷದ ಕಥೆಯಾದರೂ ತಿಳಿಯುತ್ತದೆ.

ಜೊತೆಗೆ ಎರಡನೆಯ ಬಾಟಲಿಯೊಂದು ಇರಬೇಕು. ಅದರಲ್ಲಿ ಕಾಲೇಜಿನಿಂದಲೇ ತುಂಬಿ ತಂದ ಶುದ್ಧ ನೀರು. ಒರತೆಯ ಬಳಿ ಅದರ ಮುಚ್ಚಳವನ್ನೂ ಅಷ್ಟೇ ಹೊತ್ತು ತೆರೆಯಬೇಕು, ಅಷ್ಟೇ ಹನಿ ಆಮ್ಲ ಹಾಕಬೇಕು, ಅದೇ ಚೀಲದಲ್ಲಿ, ಅದೇ ಬಸ್ಸಿನಲ್ಲಿ ವಾಪಸು ತರಬೇಕು. ಪ್ರಯೋಗಾಲಯದಿಂದ ವರದಿ ಬಂದಾಗ ಎಲ್ಲರ ಕಣ್ಣೂ ಒರತೆಯ ಅಂಕಿಯ ಮೇಲೆ ಹೋಗುತ್ತದೆ. ನೀವು ಮಾತ್ರ ಮೊದಲು ಆ ಎರಡನೆಯ ಬಾಟಲಿಯ ಸಾಲನ್ನು ಓದಿ.